ಬ್ರೌಸರ್ ಪುಕ್ಕಟೆ ಸಿಗುತ್ತೆ, ಆದ್ರೂ ದೊಡ್ಡ ಕಂಪನಿಗಳು ಹಳೇದನ್ನೇ ಹಿಡ್ಕೊಂಡು ಕೂತಿರೋದು ಯಾಕೆ?

ಹೇಮಾವತಿ_ದಂಡೆ · ಹಾಸನ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಹೊಟ್ಟೆ ಉರ್ಕೊಂಡೇ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ನಾನಿರೋದು ಒಂದು ದೊಡ್ಡ ಕಂಪನಿಯ ಹಾಸನದ ಆಫೀಸಲ್ಲಿ, ಅಕೌಂಟ್ಸ್ ಕಡೆ. ದೇಶದ ತುಂಬ ಬ್ರಾಂಚ್ ಇದಾವೆ. ಇವತ್ತು ತಮ್ಮನ ಮನೆ ಗೃಹಪ್ರವೇಶಕ್ಕೆ ಎರಡು ದಿನ ರಜೆ ಹಾಕೋಣ ಅಂತ ಕ್ರೋಮ್‌ನಲ್ಲಿ ಅರ್ಜಿ ತೆಗೆದೆ. ತಾರೀಖಿನ ಜಾಗ ಒತ್ತಿದ್ರೆ ಕ್ಯಾಲೆಂಡರೇ ಬರಲ್ಲ. ಕೈಯಲ್ಲೇ ಟೈಪ್ ಮಾಡೋಣ ಅಂದ್ರೆ ಒಂದು ಅಂಕಿನೂ ಬೀಳಲ್ಲ. ಐಟಿಯವರಿಗೆ ಫೋನ್ ಮಾಡಿದ್ರೆ, "ಮೇಡಂ, ಅದು ಎಡ್ಜ್‌ನಲ್ಲೇ ತೆಗೀಬೇಕು. ಅಡ್ರೆಸ್ ಪಕ್ಕ ನೀಲಿ 'ಇ' ಗುರುತು ಬಂದಿದೆಯಾ ನೋಡ್ಕೊಳ್ಳಿ" ಅಂದ್ರು. ಬಂತು. ಕ್ಯಾಲೆಂಡರೂ ಬಂತು, ನಾವು ಹೈಸ್ಕೂಲ್ ಲ್ಯಾಬಲ್ಲಿ ನೋಡ್ತಿದ್ದಂಥ ಬೂದು ಬಣ್ಣದ ಡಬ್ಬಿ.

ಸರಿ, ಕ್ರೋಮ್‌ನಾದ್ರೂ ಅಪ್‌ಡೇಟ್ ಮಾಡೋಣ ಅಂತ ಮೂರು ಚುಕ್ಕಿ ಒತ್ತಿ ಒಳಗೆ ಹೋದ್ರೆ, ಅಪ್‌ಡೇಟ್ ನಿಲ್ಲಿಸಿದ್ದಾರೆ ನಿಮ್ಮ ಅಡ್ಮಿನ್ ಅಂತ ಒಂದು ಸಾಲು. ಮನೇಲಿ ನಮ್ಮಮ್ಮನ ಮೊಬೈಲಲ್ಲಿರೋ ಕ್ರೋಮು ಆಫೀಸಿನದಕ್ಕಿಂತ ಹೊಸದು!

ಬ್ರೌಸರ್‌ಗೆ ದುಡ್ಡು ಕೊಡೋ ಹಾಗಿಲ್ಲ. ಹಾಕಕ್ಕೆ ಐದು ನಿಮಿಷ. ಇಷ್ಟು ದೊಡ್ಡ ಕಂಪನಿಗೆ ಇದೇನು ಕಷ್ಟ? ಗೊತ್ತಿರೋರು ಹೇಳಿ.


ಬಿಎಂ_ರೋಡ್_ಬುಲೆಟ್ · ಹಾಸನ · 9:52

ಸಿಂಪಲ್ ಅಕ್ಕ. ಸೋಮಾರಿತನ. ಐಟಿಯವರಿಗೆ "ರೀಸ್ಟಾರ್ಟ್ ಮಾಡಿ ನೋಡಿ" ಅನ್ನೋದು ಬಿಟ್ರೆ ಬೇರೆ ಮಂತ್ರ ಬರಲ್ಲ. ಈ ಪ್ರಶ್ನೆಗೆ ಇದಕ್ಕಿಂತ ಉದ್ದದ ಉತ್ತರ ಇಲ್ಲ.


ಏಲಕ್ಕಿ_ಸಿಪ್ಪೆ · ಮೂಡಿಗೆರೆ · 10:35

ಬುಲೆಟ್ ಮಾರಾಯ, ಆ ರೀಸ್ಟಾರ್ಟ್ ಮಂತ್ರ ನಾನು ಹನ್ನೊಂದು ವರ್ಷ ಜಪಿಸಿದೀನಿ. ಬೆಂಗಳೂರಲ್ಲಿ ಒಂದು ದೊಡ್ಡ ಕಂಪನಿ, ಎಂಟು ಸಾವಿರ ಚಿಲ್ಲರೆ ಕಂಪ್ಯೂಟರ್. ಈಗ ಊರಿಗೆ ಬಂದು ಅಪ್ಪನ ತೋಟ ನೋಡ್ಕೊಂಡಿದೀನಿ. ಮಳೆ ಹಿಡಿದಿದೆ, ಕರೆಂಟ್ ಹೋಗಿ ಎರಡು ದಿನ ಆಯ್ತು. ಲ್ಯಾಪ್‌ಟಾಪ್ ಬ್ಯಾಟರಿ ಇರೋ ತನಕ ಉದ್ದದ ಉತ್ತರವನ್ನೇ ಬರೀತೀನಿ.

ಮೈಕ್ರೋಸಾಫ್ಟ್‌ನ ಹಳೇ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ (ಐಇ) 6 ಬಂದಿದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ಬಂದ ವರ್ಷ. ಅದರ ಮುಂದಿನದು, 7, ಬಂದಿದ್ದು 2006ರ ಅಕ್ಟೋಬರ್‌ನಲ್ಲಿ. ಮಧ್ಯ ಐದು ವರ್ಷ ಏನೂ ಇಲ್ಲ. ಸರಿಯಾಗಿ ಅದೇ ಐದು ವರ್ಷದಲ್ಲಿ ಕಂಪನಿಗಳೆಲ್ಲ ರಜೆ, ಸಂಬಳ, ಖರೀದಿ, ಗೇಟ್‌ಪಾಸ್ ಅಂತ ಇದ್ದಬದ್ದದ್ದನ್ನೆಲ್ಲ ಬ್ರೌಸರ್ ಒಳಗೆ ತಂದು ಸುರಿದ್ವು. ಬರೆಯೋ ಹುಡುಗರ ಮೇಜಿನ ಮೇಲೆ ಇದ್ದಿದ್ದೂ ಐಇ 6, ಬಳಸೋರ ಮೇಜಿನ ಮೇಲೆ ಇದ್ದಿದ್ದೂ ಐಇ 6. ಬೇರೆ ಬ್ರೌಸರ್‌ನಲ್ಲಿ ಹೇಗೆ ಕಾಣುತ್ತೆ ಅಂತ ಕೇಳಿದವನನ್ನ ಹುಚ್ಚ ಅಂತಿದ್ರು. ವೆಬ್ ಸ್ಟ್ಯಾಂಡರ್ಡ್ ಪ್ರಕಾರ ಬರೀದೇ, ಐಇ 6ರಲ್ಲಿ ಓಡೋ ಹಾಗೆ ಬರೆದ್ರು. ಐಇ ಬಿಟ್ರೆ ಬೇರೆ ಬ್ರೌಸರ್‌ನಲ್ಲಿ ಓಡದ ಆಕ್ಟಿವ್‌ಎಕ್ಸ್ ಹಾಕಿದ್ರು, ವಿಬಿಸ್ಕ್ರಿಪ್ಟ್ ಹಾಕಿದ್ರು. ಅದರ ತಪ್ಪುಗಳನ್ನೂ ನಂಬಿ ಬರೆದ್ರು.

ಒಂದು ಉದಾಹರಣೆ ಹೇಳ್ತೀನಿ, ಇದು ನನ್ನ ತಲೆಯಿಂದ ಹೋಗಲ್ಲ. ನಮ್ಮ ಖರೀದಿ ಆರ್ಡರ್ ಪುಟದಲ್ಲಿ ಸಪ್ಲೈಯರ್ ಆರಿಸಕ್ಕೆ ಒಂದು ಬಟನ್. ಒತ್ತಿದ್ರೆ ಚಿಕ್ಕ ಕಿಟಕಿ ತೆರೆಯೋದು, ಹೆಸರು ಆರಿಸಿದ್ರೆ ಕಿಟಕಿ ಮುಚ್ಕೊಂಡು ಸಪ್ಲೈಯರ್ ನಂಬರು ಹಿಂದಿನ ಪುಟಕ್ಕೆ ಬಂದು ಕೂರೋದು. ಇದಕ್ಕೆ ಬಳಸಿದ್ದು ಶೋ-ಮೋಡಲ್-ಡೈಲಾಗ್ ಅನ್ನೋ ಮೈಕ್ರೋಸಾಫ್ಟ್‌ನವರ ಕೈಚಳಕ. ಅದನ್ನ ಕ್ರೋಮ್‌ನಲ್ಲಿ ಟೆಸ್ಟ್ ಮಾಡಿದ್ವಿ. ಕಿಟಕಿ ತೆರೀತು. ಹೆಸರು ಆರಿಸಿದ್ವಿ. ಮುಚ್ತು. ಸೇವ್ ಕೊಟ್ವಿ, "ಆರ್ಡರ್ ಸೇವ್ ಆಗಿದೆ" ಅಂತ ಹಸಿರು ಅಕ್ಷರದಲ್ಲಿ ಬಂತು. ನಾನು ಶೀಟಲ್ಲಿ ಟಿಕ್ ಹಾಕ್ದೆ. ಮೂರನೇ ದಿನ ಅಕೌಂಟ್ಸ್‌ನ ಒಬ್ಬ ಮೇಡಂ ಬಂದು, "ಇದೇನ್ರೀ, ಹನ್ನೆರಡು ಆರ್ಡರ್ ಇದಾವೆ, ಯಾರಿಗೆ ಅಂತಾನೇ ಇಲ್ಲ" ಅಂದ್ರು. ನಂಬರಿನ ಜಾಗ ಖಾಲಿ! ಕೆಂಪು ಅಕ್ಷರದಲ್ಲಿ ಎರರ್ ಬಂದಿದ್ರೆ ಪುಣ್ಯ ಅನ್ಕೋತಿದ್ವಿ. ಟೆಸ್ಟ್ ಡೇಟಾ ಆಗಿದ್ದಕ್ಕೆ ಬಚಾವ್. ಆಮೇಲೆ 2014ರಲ್ಲಿ ಕ್ರೋಮ್ 37ರಿಂದ ಆ ಸೌಕರ್ಯವನ್ನೇ ತೆಗೆದು ಹಾಕಿದ್ರು. ಕಂಪನಿಗಳು ಒದ್ದಾಡ್ತವೆ ಅಂತ ಗೊತ್ತಿದ್ದಕ್ಕೆ, ಬೇಕಾದವರು ಪಾಲಿಸಿ (ಕಂಪನಿಯ ಎಲ್ಲ ಕಂಪ್ಯೂಟರ್‌ಗೂ ಒಟ್ಟಿಗೆ ಹಾಕೋ ನಿಯಮ) ಹಾಕಿ 2015ರ ಮಧ್ಯದ ತನಕ ತಳ್ಕೊಂಡು ಹೋಗಿ ಅಂತ ಒಂದು ಸಣ್ಣ ಬಾಗಿಲು ಬಿಟ್ಟಿದ್ರು.

ಇಂಥ ಸಾಫ್ಟ್‌ವೇರ್ ನಮ್ಮಲ್ಲಿ ಎಷ್ಟಿವೆ ಅಂತ ಎಣಿಸಕ್ಕೆ ಹೊರಟ್ವಿ. ಮುನ್ನೂರ ಎಪ್ಪತ್ತು ಸಿಕ್ಕಿದ್ವು. ಅದರಲ್ಲಿ ಕೆಲವಕ್ಕೆ ಸೋರ್ಸ್ ಕೋಡೇ ಇಲ್ಲ, ಬರೆದುಕೊಟ್ಟ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷ ಆಗಿತ್ತು. ಬ್ರೌಸರ್ ಪುಕ್ಕಟೆ ಅಂತೀರಲ್ಲ ಹೇಮಾವತಿ ಮೇಡಂ, ಆ ಮುನ್ನೂರ ಎಪ್ಪತ್ತನ್ನ ಕೂತು ಒಂದೊಂದಾಗಿ ಒತ್ತಿ ನೋಡೋರ ಸಂಬಳ ಪುಕ್ಕಟೆ ಅಲ್ಲ.

ನಮ್ಮ ತೋಟದಲ್ಲಿ ಈಗಲೂ ಅಜ್ಜ ಹಾಕಿದ ಎಸ್ 795 ಅನ್ನೋ ಹಳೇ ಕಾಫಿ ತಳಿ ಇದೆ. ಬಾಳೆಹೊನ್ನೂರು ಸಂಶೋಧನಾ ಕೇಂದ್ರದವರು ಚಂದ್ರಗಿರಿ ತಳಿಯನ್ನ 2007ರಲ್ಲೇ ಬಿಟ್ರು. ಸಸಿ ರೇಟೇನು ದೊಡ್ಡದಲ್ಲ. ಕಿತ್ತು ನಟ್ಟ ಮೇಲೆ ಮೂರು ವರ್ಷ ಫಸಲಿನ ಮುಖ ನೋಡೋ ಹಾಗಿಲ್ಲವಲ್ಲ, ಅದಕ್ಕೇ ಅಪ್ಪ ಕೀಳಕ್ಕೆ ಬಿಡಲ್ಲ. ಸತ್ತ ಗಿಡದ ಜಾಗಕ್ಕೆ ಮಾತ್ರ ಹೊಸದು.

ಇನ್ನೊಂದು, ಇದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ. ಹೊಸ ಬ್ರೌಸರ್ ಹಾಕಿ ಎಲ್ಲ ಸರಿಹೋದ್ರೆ ಬೆನ್ನು ತಟ್ಟೋರು ಒಬ್ಬರೂ ಇಲ್ಲ. ತಿಂಗಳ ಕೊನೆಗೆ ಸಂಬಳದ ಪಟ್ಟಿ ಪ್ರಿಂಟ್ ಆಗ್ಲಿಲ್ಲ ಅಂದ್ರೆ ಮಾತ್ರ ಎಂಡಿ ಬಾಯಲ್ಲಿ ನನ್ನ ಹೆಸರು ಬರುತ್ತೆ. ನೀವಾಗಿದ್ರೆ ಏನು ಮಾಡ್ತಿದ್ರಿ?

ಬ್ಯಾಟರಿ ಎಂಟು ಪರ್ಸೆಂಟು. ನಾಳೆ ಸಿಗ್ತೀನಿ.


ಎರಡನೇ_ಬೆಂಚು · ಹಾಸನ · 11:10

ಸರ್ ಒಂದು ಡೌಟು. ನಾನು ಇಲ್ಲೇ ಇಂಜಿನಿಯರಿಂಗ್, ಆರನೇ ಸೆಮ್. ಹಳೇ ಸಾಫ್ಟ್‌ವೇರ್‌ಗೆ ಹಳೇ ಬ್ರೌಸರ್, ಉಳಿದಿದ್ದಕ್ಕೆ ಹೊಸದು ಅಂತ ಎರಡೂ ಇಟ್ಕೋಬಹುದಿತ್ತಲ್ಲ? ನಮ್ಮ ಹಾಸ್ಟೆಲಲ್ಲಿ ಒಬ್ಬೊಬ್ಬನ ಲ್ಯಾಪ್‌ಟಾಪಲ್ಲಿ ನಾಲ್ಕು ನಾಲ್ಕು ಇದಾವೆ.


ಏಲಕ್ಕಿ_ಸಿಪ್ಪೆ · ಮೂಡಿಗೆರೆ · ಮಂಗಳವಾರ ಬೆಳಿಗ್ಗೆ 7:15

ಕರೆಂಟ್ ಬಂತು!

ಐಇ ವಿಂಡೋಸ್‌ಗೇ ಅಂಟಿಕೊಂಡಿದ್ದ ಜೀವ ಮಗ. 7 ಹಾಕಿದ್ರೆ 6 ಹೋಯ್ತು ಅಂತಲೇ ಲೆಕ್ಕ, ಎರಡೂ ಒಟ್ಟಿಗೆ ಕೂರ್ತಿರಲಿಲ್ಲ. 2011ರಲ್ಲಿ ಐಇ 9 ಬಂತು, ಅದು ಎಕ್ಸ್‌ಪಿ ಮೇಲೆ ಹತ್ತೋದೇ ಇಲ್ಲ. ಅಂದ್ರೆ ಹೊಸ ಬ್ರೌಸರ್ ಬೇಕಾದ್ರೆ ಹೊಸ ವಿಂಡೋಸ್, ಹೊಸ ವಿಂಡೋಸ್‌ಗೆ ಜಾಸ್ತಿ ರ‍್ಯಾಮ್, ಅದು ಕೂರದಿದ್ರೆ ಹೊಸ ಡಬ್ಬಾನೇ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಪೂರ್ತಿ ಕೈಕೊಟ್ಟಿದ್ದು 2014ರ ಏಪ್ರಿಲ್ 8ಕ್ಕೆ. ಅಲ್ಲೀವರೆಗೂ ಎಳೆದವರು ಬಹಳ ಜನ, ನಾವೂ ಅದರಲ್ಲಿ ಒಬ್ರು.

ಪಕ್ಕದಲ್ಲಿ ಫೈರ್‌ಫಾಕ್ಸ್ ಇಡಬಹುದಿತ್ತು, ಇಟ್ವಿ ಕೂಡ. ಆದ್ರೆ ಎಂಟು ಸಾವಿರ ಕಂಪ್ಯೂಟರ್‌ನ ಒಂದೇ ಜಾಗದಿಂದ ಹಿಡಿತದಲ್ಲಿ ಇಟ್ಕೋಬೇಕಲ್ಲ. ಇಂಟರ್ನೆಟ್‌ಗೆ ಹೋಗೋ ದಾರಿ, ಅಂದ್ರೆ ಪ್ರಾಕ್ಸಿ, ಇದೇ ಇರಬೇಕು, ಈ ಎಕ್ಸ್‌ಟೆನ್ಷನ್ ಹಾಕೋ ಹಾಗಿಲ್ಲ, ಅಂತ ಗ್ರೂಪ್ ಪಾಲಿಸಿಲಿ ಒಮ್ಮೆ ಹೇಳಿದ್ರೆ ಐಇ ತೆಪ್ಪಗೆ ಕೇಳೋದು. ಕ್ರೋಮ್‌ಗೆ ಆ ವ್ಯವಸ್ಥೆ, ಎಲ್ಲ ಕಂಪ್ಯೂಟರ್‌ಗೂ ಒಟ್ಟಿಗೆ ಇನ್‌ಸ್ಟಾಲ್ ಮಾಡೋ ಎಂಎಸ್‌ಐ ಫೈಲ್ ಸಮೇತ, ಬಂದಿದ್ದು 2010ರ ಕೊನೆಗೆ. ಫೈರ್‌ಫಾಕ್ಸ್‌ನವರು ತಾವಾಗಿ ಗ್ರೂಪ್ ಪಾಲಿಸಿ ಕೊಟ್ಟಿದ್ದು 2018ರಲ್ಲಿ, 60ನೇ ವರ್ಷನ್‌ಗೆ. ಹಾಸ್ಟೆಲಲ್ಲಿ ನಿನ್ನ ಬ್ರೌಸರ್‌ಗೆ ನೀನೇ ಯಜಮಾನ. ಆಫೀಸಲ್ಲಿ ಹಾಗಲ್ಲ.

ಹೇಮಾವತಿ ಮೇಡಂ ನೋಡಿದ ನೀಲಿ 'ಇ' ಗುರುತು ಇದಕ್ಕೇ ಮಾಡಿದ ಮದ್ದು. ಐಇ 11ನ್ನ 2022ರ ಜೂನ್ 15ಕ್ಕೆ ನಿವೃತ್ತಿ ಮಾಡಿದ್ರು. ಆದ್ರೆ ಎಡ್ಜ್ ಒಳಗೆ ಐಇ ಮೋಡ್ ಅಂತ ಒಂದು ಕೋಣೆ ಕಟ್ಟಿ ಪುಟ ತೆರೆದು ತೋರಿಸೋ ಅದರ ಎಂಜಿನ್‌ನ ಅಲ್ಲೇ ಸಾಕ್ತಿದಾರೆ. ಯಾವ್ಯಾವ ವಿಳಾಸ ಆ ಕೋಣೇಲಿ ತೆರೀಬೇಕು ಅಂತ ಕಂಪನಿಯವರು ಒಂದು ಪಟ್ಟಿ ಕೊಟ್ಟಿರ್ತಾರೆ, ಅಷ್ಟೆ. ಕನಿಷ್ಠ 2029ರ ತನಕ ಇರುತ್ತೆ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿದೆ.


ಹೇಮಾವತಿ_ದಂಡೆ · ಹಾಸನ · 8:50

ಅಯ್ಯೋ. ಅಂದ್ರೆ ಆ ಬೂದು ಕ್ಯಾಲೆಂಡರ್‌ಗೆ 2029ರ ತನಕ ಆಯಸ್ಸು ಗಟ್ಟಿ.


ಬೀಗದಕೈ · ಚಿಕ್ಕಮಗಳೂರು (ಕೆಲಸ ಬೆಂಗಳೂರು) · ಮಂಗಳವಾರ ಮಧ್ಯಾಹ್ನ 1:20

ಸಿಪ್ಪೆ ಸರ್ ಬರೆದಿದ್ದರಲ್ಲಿ ಸುಳ್ಳಿಲ್ಲ. ಆದ್ರೆ ಖಾತೆ ಪುಸ್ತಕದ ಒಂದೇ ಕಡೆ ತೋರಿಸ್ತಿದಾರೆ. ನಾನು ಸೆಕ್ಯುರಿಟಿ ಕೆಲಸದವಳು, ಇನ್ನೊಂದು ಕಡೆ ನಾನು ತೋರಿಸ್ತೀನಿ.

2010ರ ಜನವರಿಯಲ್ಲಿ ಗೂಗಲ್‌ನವರೇ ಬಾಯಿ ಬಿಟ್ಟು ಹೇಳಿದ್ರು, ನಮ್ಮೊಳಗೆ ನುಗ್ಗಿದಾರೆ ಅಂತ. ಆಪರೇಷನ್ ಅರೋರಾ ಅಂತ ಹೆಸರಾಯ್ತು ಅದು. ಗೂಗಲ್ ಒಂದೇ ಅಲ್ಲ, ಇನ್ನೂ ಎಷ್ಟೋ ದೊಡ್ಡ ಕಂಪನಿಗಳಿಗೆ ಬಿದ್ದಿತ್ತು. ನುಗ್ಗಿದ್ದು ಎಲ್ಲಿಂದ? ಐಇಯಲ್ಲಿದ್ದ ಒಂದು ತೂತಿನಿಂದ, ದಾಳಿಗೆ ಸಿಕ್ಕಿದ್ದು ಐಇ 6. ಆಗ ಕ್ರೋಮ್ ಬಂದು ವರ್ಷದ ಮೇಲಾಗಿತ್ತು, ಐಇ 8 ಕೂಡ ಬಂದಿತ್ತು. ಜರ್ಮನಿ, ಫ್ರಾನ್ಸ್ ಸರ್ಕಾರಗಳು ಸದ್ಯಕ್ಕೆ ಐಇ ಬಿಟ್ಟು ಬೇರೆ ಬಳಸಿ ಅಂತ ತಮ್ಮ ಜನಕ್ಕೆ ಹೇಳೋ ಹಂತಕ್ಕೆ ಬಂತು. 2011ರಲ್ಲಂತೂ ಮೈಕ್ರೋಸಾಫ್ಟ್ ತಾನೇ ಮಾಡಿದ ಐಇ 6ನ್ನ ದಯವಿಟ್ಟು ಬಿಡಿ ಅಂತ ಕೌಂಟ್‌ಡೌನ್ ಸೈಟ್ ಮಾಡಿ ಕೈಮುಗೀತು.

ಹೊಸದು ಹಾಕೋದ್ರ ಖರ್ಚು ಬಜೆಟ್ ಮೀಟಿಂಗ್‌ನಲ್ಲಿ ಒಂದು ಸಾಲಾಗಿ ಬರುತ್ತೆ, ಹಾಗಾಗಿ ಎಲ್ಲರಿಗೂ ಕಾಣುತ್ತೆ. ಹಳೇದು ಇಟ್ಕೊಂಡಿದ್ದರ ಖರ್ಚು ಒಂದಿನ ಮುಂಜಾನೆ ಒಟ್ಟಿಗೇ ಬರುತ್ತೆ. ಆ ದಿನದ ತನಕ ಅದು ಯಾವ ಶೀಟಲ್ಲೂ ಇರಲ್ಲ. ನನ್ನ ಜಗಳ ಇಷ್ಟೇ.


ಏಲಕ್ಕಿ_ಸಿಪ್ಪೆ · ಮೂಡಿಗೆರೆ · ಮಂಗಳವಾರ ಸಂಜೆ 6:05

ಒಪ್ಪಿದೆ ಮೇಡಂ. ಆದ್ರೆ ಪ್ಯಾಚ್ ಬೇರೆ, ಹೊಸ ವರ್ಷನ್ ಬೇರೆ. ನಿಮಗೆ ಗೊತ್ತಿರೋದೇ, ಉಳಿದವರಿಗೆ ಹೇಳ್ತೀನಿ. ತೂತು ಮುಚ್ಚೋದಕ್ಕೆ ಯಾವ ಐಟಿಯವನೂ ಬೇಡ ಅನ್ನಲ್ಲ. ತೂತು ಮುಚ್ಚೋ ನೆಪದಲ್ಲಿ ಗೋಡೆಯನ್ನೂ ಸರಿಸ್ತೀವಿ ಅಂದಾಗ ನಾವು ಹೆದರೋದು.

2011ರ ಮಾರ್ಚಲ್ಲಿ ಫೈರ್‌ಫಾಕ್ಸ್ 4 ಬಂತು. ದೊಡ್ಡ ಬದಲಾವಣೆ, ಕಂಪನಿಗಳು ಟೆಸ್ಟಿಂಗ್ ಶುರು ಮಾಡಿದ್ವು. ಜೂನ್‌ನಲ್ಲಿ 5 ಬಂತು, 4ಕ್ಕೆ ಇನ್ನು ಪ್ಯಾಚ್ ಇಲ್ಲ, 5 ಹಾಕ್ಕೊಳ್ಳಿ ಅಂದ್ರು. ಮೂರೇ ತಿಂಗಳು! ನಮ್ಮಲ್ಲಿ 4ರ ಟೆಸ್ಟ್ ಶೀಟ್ ಅರ್ಧಕ್ಕೂ ಬಂದಿರಲಿಲ್ಲ. ಬೈಗುಳ ಎಷ್ಟು ಬಿತ್ತು ಅಂದ್ರೆ 2012ರ ಜನವರಿಯಲ್ಲಿ ಕಂಪನಿಗಳಿಗೆ ಅಂತಲೇ ಇಎಸ್ಆರ್ ಅನ್ನೋ ಬೇರೆ ಫೈರ್‌ಫಾಕ್ಸ್ ತಂದ್ರು. ಅದರಲ್ಲಿ ವರ್ಷಕ್ಕೊಂದು ಸಲ ಮಾತ್ರ ದೊಡ್ಡ ಬದಲಾವಣೆ, ಮಧ್ಯದಲ್ಲಿ ಬರೀ ಸೆಕ್ಯುರಿಟಿ ಪ್ಯಾಚು.


ಬಿಎಂ_ರೋಡ್_ಬುಲೆಟ್ · ಹಾಸನ · 6:20

ನಮ್ಮ ಹಾಸನಾಂಬೆ ತರ ಅನ್ನಿ. ಬಾಗಿಲು ತೆಗೆಯೋದು ವರ್ಷಕ್ಕೊಂದೇ ಸಲ, ಒಳಗಿನ ದೀಪ ಮಾತ್ರ ವರ್ಷಪೂರ್ತಿ ಉರೀತಿರುತ್ತೆ ಅಂತಾರೆ.


ಏಲಕ್ಕಿ_ಸಿಪ್ಪೆ · ಮೂಡಿಗೆರೆ · 6:24

ಹನ್ನೊಂದು ವರ್ಷದಲ್ಲಿ ಮ್ಯಾನೇಜರ್‌ಗೆ ಇಷ್ಟು ಚೆನ್ನಾಗಿ ಬಿಡಿಸಿ ಹೇಳಕ್ಕೆ ನನಗೆ ಆಗಿರಲಿಲ್ಲ ಬುಲೆಟ್. ಕ್ರೋಮ್ 2021ರಲ್ಲಿ ಹೊಸ ವರ್ಷನ್ ಬಿಡೋ ಆರು ವಾರದ ಲೆಕ್ಕವನ್ನ ನಾಲ್ಕು ವಾರಕ್ಕೆ ಇಳಿಸ್ದಾಗಲೂ ಹೀಗೇ ಆಯ್ತು. ಕಂಪನಿಗಳಿಗೆ ಬೇಕಿದ್ರೆ ಎಂಟು ವಾರಕ್ಕೊಂದು ಅಂತ ಬೇರೆ ದಾರಿ ಜೊತೆಗೇ ಬಿಟ್ರು.


ಟೆಂಡರ್_ತಾಪತ್ರಯ · ಚಿಕ್ಕಮಗಳೂರು · ಮಂಗಳವಾರ ರಾತ್ರಿ 9:30

ದೊಡ್ಡ ಕಂಪನಿ ದೊಡ್ಡ ಕಂಪನಿ ಅಂತೀರಲ್ಲ, ನಮ್ಮದು ಇಬ್ಬರ ಆಫೀಸು. ಕಂಟ್ರಾಕ್ಟರುಗಳಿಗೆ ಟೆಂಡರ್ ಹಾಕಿಕೊಡೋದು, ರಿಟರ್ನ್ ತುಂಬೋದು. ನಮ್ಮಲ್ಲೂ ಮೂಲೇಲಿ ಒಂದು ಹಳೇ ವಿಂಡೋಸ್ 7 ಕಂಪ್ಯೂಟರ್ ಇದೆ. ಮಾನಿಟರ್ ಮೇಲೆ ಚೀಟಿ ಅಂಟಿಸಿದೀನಿ: "ಏನೇ ಕೇಳಿದರೂ ಬೇಡ ಅನ್ನಿ."

ಕಥೆ ಇಷ್ಟು. ಡಿಜಿಟಲ್ ಸಹಿ ಹಾಕಕ್ಕೆ ಯುಎಸ್‌ಬಿ ಟೋಕನ್ ಚುಚ್ತೀವಲ್ಲ, ಅದನ್ನ ಬ್ರೌಸರ್ ಓದಬೇಕಾದ್ರೆ ಆಗ ಜಾವಾ ಪ್ಲಗಿನ್ ಬೇಕಿತ್ತು. 2015ರ ಸೆಪ್ಟೆಂಬರಲ್ಲಿ ಕ್ರೋಮ್‌ನವರು ಅಂಥ ಪ್ಲಗಿನ್‌ಗಳನ್ನ ಪೂರ್ತಿ ಕಿತ್ತು ಹಾಕಿದ್ರು. ಫೈರ್‌ಫಾಕ್ಸ್‌ಗೆ ಓಡಿದ್ವಿ. 2017ರ ಮಾರ್ಚಲ್ಲಿ ಅವರೂ ಕಿತ್ತರು, 52ನೇ ವರ್ಷನ್‌ನಲ್ಲಿ. ನನಗೆ ಅದು ಗೊತ್ತಾಗಿದ್ದು ಹೇಗೆ ಅಂದ್ರೆ, ಟೆಂಡರ್ ಮುಗಿಯೋದು ನಾಲ್ಕು ಗಂಟೆಗೆ, ಗಡಿಯಾರದಲ್ಲಿ 3:40, ಕಂಟ್ರಾಕ್ಟರ್ ನನ್ನ ಬೆನ್ನ ಹಿಂದೆ ನಿಂತು ಉಸಿರು ಬಿಡ್ತಿದಾನೆ, ಸಹಿ ಬಟನ್ ಇರಬೇಕಾದ ಜಾಗದಲ್ಲಿ ಒಂದು ಬೂದು ಚೌಕ. ಬೆಳಿಗ್ಗೆ ಫೈರ್‌ಫಾಕ್ಸ್ ತಾನೇ ಅಪ್‌ಡೇಟ್ ಆಗಿತ್ತು. ಐಇಯಲ್ಲಿ ತೆಗೆದು, ಟ್ರಸ್ಟೆಡ್ ಸೈಟ್ ಅಂತ ಸೇರಿಸಿ, ಜಾವಾ ಕೇಳಿದ್ದಕ್ಕೆಲ್ಲ ಹೂಂ ಅಂದು, 3:57ಕ್ಕೆ ಹೋಯ್ತು. ಆವತ್ತು ರಾತ್ರಿ ಊಟ ಸೇರಲಿಲ್ಲ.

ನಾನು ಹೊಸದಕ್ಕೆ ವಿರೋಧಿ ಅಲ್ಲ ಸ್ವಾಮಿ. ಪೋರ್ಟಲ್ ಬೇರೆಯವರದು, ಬ್ರೌಸರ್ ಇನ್ನೊಬ್ಬರದು, ಇಬ್ಬರೂ ಒಬ್ಬರನ್ನೊಬ್ಬರು ಕೇಳಲ್ಲ. ಮಧ್ಯ ನನ್ನ ಕುತ್ತಿಗೆ. ಈಗ ಸಹಿಗೆ ಬೇರೆ ಚಿಕ್ಕ ಸಾಫ್ಟ್‌ವೇರ್ ಬಂದಿದೆ, ಯಾವ ಬ್ರೌಸರಾದ್ರೂ ನಡೆಯುತ್ತೆ. ಆದ್ರೂ ಆ ಹಳೇ ಡಬ್ಬ ಬಿಸಾಕಕ್ಕೆ ಧೈರ್ಯ ಬರ್ತಿಲ್ಲ.


ಬೀಗದಕೈ · ಚಿಕ್ಕಮಗಳೂರು · 9:48

ಇದೇ ಗೋಳು ಒಂದಿಡೀ ದೇಶ ಪಟ್ಟಿದೆ. ದಕ್ಷಿಣ ಕೊರಿಯಾದಲ್ಲಿ 1990ರ ದಶಕದ ಕೊನೆಗೆ ತಮ್ಮದೇ ಎನ್ಕ್ರಿಪ್ಷನ್ ಪದ್ಧತಿ ಮಾಡ್ಕೊಂಡ್ರು, ಸೀಡ್ ಅಂತ. ಬ್ರೌಸರ್‌ಗಳಲ್ಲಿ ಅದು ಇಲ್ಲದ್ದಕ್ಕೆ ಆಕ್ಟಿವ್‌ಎಕ್ಸ್ ಮೂಲಕ ಹಾಕಿದ್ರು. ಅಲ್ಲಿಂದ ವರ್ಷಗಟ್ಟಲೆ ಬ್ಯಾಂಕ್ ವ್ಯವಹಾರ, ಆನ್‌ಲೈನ್ ಖರೀದಿ ಎಲ್ಲದಕ್ಕೂ ಐಇ ಬಿಟ್ರೆ ಗತಿ ಇರಲಿಲ್ಲ. ಅಷ್ಟು ವೇಗದ ಇಂಟರ್ನೆಟ್ ಇಟ್ಕೊಂಡು!

(ತಾಪತ್ರಯ ಅವರೇ, ಆ ಹಳೇ ಕಂಪ್ಯೂಟರ್‌ನ ದಯವಿಟ್ಟು ನೆಟ್‌ವರ್ಕ್‌ನಿಂದ ಬಿಡಿಸಿಡಿ. ಕ್ರೋಮ್ ಕೂಡ 109ರ ನಂತರ ವಿಂಡೋಸ್ 7ಕ್ಕೆ ಬರ್ತಿಲ್ಲ.)


ಬಿಎಂ_ರೋಡ್_ಬುಲೆಟ್ · ಹಾಸನ · 10:02

ಸರಿ, ಸೋಮಾರಿತನ ಅಂದಿದ್ದು ಅರ್ಧ ವಾಪಸ್. ಆದ್ರೆ ಇದೆಲ್ಲ ಹಳೇ ರಾಮಾಯಣ. ಎಡ್ಜ್ ಕೂಡ 2020ರಿಂದ ಕ್ರೋಮಿಯಂ ಮೇಲೇ ಓಡ್ತಿದೆ. ಕ್ರೋಮು, ಎಡ್ಜು ಎರಡಕ್ಕೂ ಒಂದೇ ಎಂಜಿನ್. ಈಗೇನು ನೆಪ?


ಬೀಗದಕೈ · ಚಿಕ್ಕಮಗಳೂರು · 10:25

ಇದಕ್ಕೆ ಸಿಪ್ಪೆ ಸರ್ ಪರವಾಗಿ ನಾನೇ ಸಾಕ್ಷಿ ಹೇಳಬೇಕಾಗಿ ಬಂತಲ್ಲಪ್ಪ.

2019ರ ನವೆಂಬರಲ್ಲಿ ಕ್ರೋಮ್‌ನವರು ಒಂದು ಪ್ರಯೋಗ ಆನ್ ಮಾಡಿದ್ರು. ಬೇರೆ ಕಿಟಕಿ ಹಿಂದೆ ಮರೆಯಾದ ಟ್ಯಾಬ್ ಸುಮ್ಮನೆ ಕೆಲಸ ಮಾಡದ ಹಾಗೆ ಮಲಗಿಸೋದು. ಒಳ್ಳೇ ಉದ್ದೇಶ. ಆದ್ರೆ ಒಂದೇ ಸರ್ವರ್ ಮೇಲೆ ಹತ್ತಾರು ಜನ ಕೂತು ಕೆಲಸ ಮಾಡೋ ಟರ್ಮಿನಲ್ ಸರ್ವರ್ ಇರ್ತಾವಲ್ಲ, ಅಲ್ಲಿ ಲೆಕ್ಕ ತಪ್ಪಿ, ಕಣ್ಣೆದುರಿಗಿದ್ದ ಟ್ಯಾಬೇ ಬಿಳಿ ಹಾಳೆ ಆಯ್ತು. ವರ್ಷನ್ ಬದಲಾಗಿರಲಿಲ್ಲ, ಐಟಿಯವರು ಏನೂ ಮುಟ್ಟಿರಲಿಲ್ಲ, ಗೂಗಲ್ ಅಲ್ಲಿಂದಲೇ ಸ್ವಿಚ್ ಒತ್ತಿತ್ತು. ದೊಡ್ಡ ದೊಡ್ಡ ಆಫೀಸಿನ ಜನ ಬಿಳಿ ಪರದೆ ನೋಡ್ಕೊಂಡು ಕೂತರು. ಬೈಸ್ಕೊಂಡ ಮೇಲೆ ವಾಪಸ್ ತಗೊಂಡ್ರು.

2020ರ ಫೆಬ್ರವರಿಯಲ್ಲಿ ಕುಕಿ (ಲಾಗಿನ್‌ನಂಥದ್ದನ್ನ ನೆನಪಿಡಕ್ಕೆ ಸೈಟು ಬ್ರೌಸರ್‌ನಲ್ಲಿ ಇಡೋ ಚೀಟಿ) ನಿಯಮ ಬಿಗಿ ಮಾಡಿದ್ರು, ಸೇಮ್‌ಸೈಟ್ ಅಂತ. ಭದ್ರತೆಗೆ ಒಳ್ಳೇದೇ. ಕೊರೊನಾ ಹೊತ್ತಲ್ಲಿ ಅಗತ್ಯ ಸೈಟುಗಳ ಲಾಗಿನ್ ಕೆಟ್ರೆ ಕಷ್ಟ ಅಂತ ಗೂಗಲ್ಲೇ ಏಪ್ರಿಲ್‌ನಲ್ಲಿ ಹಿಂದೆ ಸರೀತು, ಜುಲೈಯಲ್ಲಿ ಮತ್ತೆ ಶುರು ಮಾಡ್ತು. ಮಾಡಿದವರೇ ಹೆದರಿ ನಿಲ್ಲಿಸ್ತಾರೆ ಅಂದ್ಮೇಲೆ ಬಳಸೋರು ನಿಧಾನ ಮಾಡಿದ್ರೆ ತಪ್ಪೇನು?


ಎರಡನೇ_ಬೆಂಚು · ಹಾಸನ · 10:40

2022ರಲ್ಲಿ ಕ್ರೋಮ್ 100 ಬಂದಾಗ, ವರ್ಷನ್‌ನಲ್ಲಿ ಎರಡೇ ಅಂಕಿ ಓದೋ ಸೈಟುಗಳು 100ನ್ನ 10 ಅಂದ್ಕೊಂಡು "ನಿಮ್ಮ ಬ್ರೌಸರ್ ಹಳೇದು" ಅಂದುಬಿಡ್ತವೆ ಅಂತ ಮೊದಲೇ ಎಚ್ಚರಿಕೆ ಕೊಟ್ಟಿದ್ರಂತೆ. ಇವತ್ತು ಲ್ಯಾಬಲ್ಲಿ ನಾನು ಬರೆದ ಕೋಡ್ ನೋಡ್ಕೊಂಡೆ. ನಾನೂ ಎರಡೇ ಅಂಕಿ ಓದಿದೀನಿ. 🙏


ಹೇಮಾವತಿ_ದಂಡೆ · ಹಾಸನ · ಗುರುವಾರ ರಾತ್ರಿ 8:15

ಅಪ್‌ಡೇಟ್ ಇದೆ, ಬ್ರೌಸರ್‌ದಲ್ಲ, ನನ್ನದು.

ಇವತ್ತು ನಮ್ಮ ಐಟಿಯವರನ್ನ ಬೈಯೋ ಬದಲು ಕಾಫಿಗೆ ಕರೆದೆ. ಪಾಪ, ನಮ್ಮ ಕಡೆಯ ಏಳು ಬ್ರಾಂಚಿಗೆ ಇರೋರು ಅವರು ಮೂರೇ ಜನ. ಏನೇ ಬದಲಾವಣೆ ಮಾಡೋದಿದ್ರೂ ಶನಿವಾರ ಸಂಜೆ ಮೇಲೆ, ಮಾರ್ಚ್ ತಿಂಗಳಲ್ಲಿ ಅದೂ ಇಲ್ಲ. ಲ್ಯಾಪ್‌ಟಾಪ್ ತೆಗೆದು ಒಂದು ಶೀಟ್ ತೋರಿಸಿದ್ರು. ಸಾಫ್ಟ್‌ವೇರ್ ಹೆಸರು, ಯಾವ ಬ್ರೌಸರ್, ಹೊಸದರಲ್ಲಿ ಟೆಸ್ಟ್ ಆಗಿದೆಯಾ, ಜವಾಬ್ದಾರಿ ಯಾರದು, ಅಂತ ಕಾಲಂ ಇದಾವೆ. ನಮ್ಮ ರಜೆ ಅರ್ಜಿಯ ಸಾಲು ಹುಡುಕಿದ್ವಿ.

ಕ್ರೋಮ್‌ನಲ್ಲೂ ಓಡೋ ಹೊಸ ರಜೆ ಅರ್ಜಿ ರೆಡಿಯಾಗಿ ಒಂದೂವರೆ ವರ್ಷ ಆಗಿದೆ! ಸರ್ವರ್‌ನಲ್ಲೇ ಕೂತಿದೆ. ಇಲಾಖೆಯಿಂದ ಒಬ್ಬರು ಬಳಸಿ ನೋಡಿ "ಸರಿ ಇದೆ" ಅಂತ ಮೇಲ್ ಹಾಕಬೇಕು, ಅಷ್ಟೇ ಬಾಕಿ. ಜವಾಬ್ದಾರಿ ಕಾಲಂನಲ್ಲಿ ಇರೋ ಹೆಸರು ನಮ್ಮ ಹಳೇ ಮ್ಯಾನೇಜರ್ ಸರ್‌ದು. ಅವರು ರಿಟೈರ್ ಆಗಿ ಆರು ವರ್ಷ. ಬೀಳ್ಕೊಡುಗೆ ದಿನ ಹೋಳಿಗೆ ಊಟ ಹಾಕಿಸಿದ್ದು ಆಫೀಸಲ್ಲಿ ಈಗಲೂ ಎಲ್ಲರಿಗೂ ನೆನಪಿದೆ. ಆ ಶೀಟಲ್ಲಿ ಹೆಸರು ಬದಲಾಯಿಸಬೇಕು ಅನ್ನೋದು ಮಾತ್ರ ಯಾರಿಗೂ ನೆನಪಾಗಿಲ್ಲ. ಮೂರು ಸಲ ಅವರ ಆಫೀಸ್ ಐಡಿಗೆ ಮೇಲ್ ಹೋಗಿದೆಯಂತೆ.

ನಾನು ಶೀಟ್ ನೋಡ್ತಿರೋವಾಗಲೇ ಅವರು ಆ ಹೆಸರು ಅಳಿಸಿ ನನ್ನ ಹೆಸರು ಟೈಪ್ ಮಾಡಿಬಿಟ್ರು. ಶನಿವಾರ ಟೆಸ್ಟ್ ಮಾಡ್ಬೇಕು, ಹದಿನಾಲ್ಕು ಪುಟ ಇದೆ. ಸಿಪ್ಪೆ ಸರ್, ಏನೇನು ನೋಡ್ಬೇಕು ಹೇಳಿ.


ಏಲಕ್ಕಿ_ಸಿಪ್ಪೆ · ಮೂಡಿಗೆರೆ · 8:40

ಕಾಫಿ ದುಬಾರಿ ಆಯ್ತು ನಿಮಗೆ.

ಅರ್ಧ ದಿನದ ರಜೆ ಹಾಕಿ ನೋಡಿ. ತಿಂಗಳು ದಾಟೋ ರಜೆ ಹಾಕಿ, 30ರಿಂದ 2ರ ತನಕ ಅಂತ. ಅರ್ಜಿ ಕಳಿಸಿದ ತಕ್ಷಣ ಬ್ಯಾಕ್ ಒತ್ತಿ ಮತ್ತೆ ಕಳಿಸಿ, ಎರಡು ಸಲ ಹೋಗುತ್ತಾ ನೋಡಿ. ಪ್ರಿಂಟ್ ತೆಗೀರಿ, ಕೊನೇ ಕಾಲಂ ಪೇಪರ್‌ನಿಂದ ಆಚೆ ಹೋಗಿರುತ್ತೆ, ಬರೆದಿಟ್ಕೊಳ್ಳಿ. ಆಮೇಲೆ ಇನ್ನೊಬ್ಬರ ಲಾಗಿನ್‌ನಿಂದ ಮಂಜೂರು ಮಾಡಿಸಿ, ರಜೆ ಬ್ಯಾಲೆನ್ಸ್ ನಿಜವಾಗ್ಲೂ ಕಮ್ಮಿ ಆಗಿದೆಯಾ ನೋಡಿ. ಹಸಿರು ಅಕ್ಷರ ಬಂತು ಅಂತ ಟಿಕ್ ಹಾಕಬೇಡಿ, ನಾನು ಹಾಕಿ ಕೆಟ್ಟಿದೀನಿ.


ಬಿಎಂ_ರೋಡ್_ಬುಲೆಟ್ · ಹಾಸನ · 8:43

ಅಕ್ಕ, ಬ್ಯಾಲೆನ್ಸ್ ಕಮ್ಮಿ ಆಗಿಲ್ಲ ಅಂದ್ರೆ ದಯವಿಟ್ಟು ಯಾರಿಗೂ ಹೇಳಬೇಡಿ.